‘ಉ’ ಅನ್ನಿ, ಆದರೆ ತುಟಿ ಚಾಚಬೇಡಿ

ಪ್ರಶ್ನೆ: ನನ್ನ ಹೆಂಡತಿಯ ಮನೆಮಾತು ತುಳು. ನಾನು ಕನ್ನಡದವನು, ಒಂದು ವರ್ಷದಿಂದ ತುಳು ಕಲಿಯುತ್ತಿದ್ದೇನೆ. ಹತ್ತಕ್ಕೆ ‘ಪತ್ತು’ ಅಂದರೆ ಎಲ್ಲರೂ ನಗುತ್ತಾರೆ. ಪುಸ್ತಕದಲ್ಲಿ ‘ಪತ್ತ್’ ಎಂದಿದೆ. ಹಾಗೆ ಕತ್ತರಿಸಿ ಹೇಳಿದರೂ ನಗುತ್ತಾರೆ. ಕೊನೆಯಲ್ಲಿ ಏನೋ ಒಂದು ಸದ್ದಿದೆ. ಅದು ಉ ಅಲ್ಲ, ಇ ಅಲ್ಲ, ಎ ಕೂಡ ಅಲ್ಲ. ಕೊರಿಯನ್ ಕಲಿಯುತ್ತಿರುವ ಮಗಳು ‘ಇದೇ ಸದ್ದು ನಮ್ಮ ಪಾಠದಲ್ಲೂ ಇದೆಯಪ್ಪಾ’ ಅನ್ನುತ್ತಾಳೆ. ಇದು ನಿಜಕ್ಕೂ ಒಂದು ಸ್ವರವಾ, ಇಲ್ಲ ಅರ್ಧ ನುಂಗಿದ ಉಕಾರವಾ? ಬೇರೆ ಭಾಷೆಗಳಲ್ಲೂ ಇದೆಯಾ? ನನ್ನ ಬಾಯಲ್ಲಿ ಯಾಕೆ ಬರುತ್ತಿಲ್ಲ?

ಉತ್ತರ: ಮೊದಲು ನಿಮ್ಮ ಮಗಳಿಗೆ ಒಂದು ಶಭಾಷ್ ಹೇಳಿ. ಅವಳ ಕಿವಿ ಚುರುಕಾಗಿದೆ. ಎರಡೂ ಭಾಷೆಗಳ ಆ ಸದ್ದು ಹತ್ತಿರದ ನೆಂಟರೇ.

ಇದು ಸ್ವರವೇ, ಅದರಲ್ಲಿ ಅನುಮಾನ ಬೇಡ. ನುಂಗಿದ್ದೂ ಅಲ್ಲ, ಅರ್ಧವೂ ಅಲ್ಲ. ಆದರೆ ಕನ್ನಡದ ಅಕ್ಷರಮಾಲೆಯಲ್ಲಿ ಇದಕ್ಕೆ ಮನೆ ಇಲ್ಲ. ಹಾಗಾಗಿ ಬರೆದು ತೋರಿಸುವುದೇ ಒಂದು ತಾಪತ್ರಯ. ಈ ಉತ್ತರದಲ್ಲಿ ನಾನೊಂದು ಸುಲಭದ ಗುರುತು ಇಟ್ಟುಕೊಳ್ಳುತ್ತೇನೆ. ಅಕ್ಷರದ ಪಕ್ಕ ಹೀಗೆ ಒಂದು ಪುಟ್ಟ ಗೀಟು (’) ಕಂಡರೆ ಅಲ್ಲಿ ಈ ಸ್ವರ ಇದೆ ಎಂದುಕೊಳ್ಳಿ. ತುಳುವಿನ ಹತ್ತು ಅಂದರೆ ಪತ್ತ್’.

ಈಗ ಒಂದು ಕನ್ನಡಿ ತಂದುಕೊಳ್ಳಿ. ಇಲ್ಲದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾ ಸಾಕು. ನಿಧಾನವಾಗಿ ‘ಈ’ ಅನ್ನಿ, ಆಮೇಲೆ ‘ಊ’ ಅನ್ನಿ. ತುಟಿಗಳನ್ನು ನೋಡಿ. ‘ಈ’ ಅಂದಾಗ ಅಗಲವಾಗಿ ಹರಡಿದವು, ‘ಊ’ ಅಂದಾಗ ದುಂಡಾಗಿ ಮುಂದೆ ಚಾಚಿದವು. ಇದು ಕಣ್ಣಿಗೆ ಕಾಣುವ ಸಂಗತಿ. ಕಾಣದ ಸಂಗತಿ ಒಳಗಿದೆ. ‘ಈ’ಗೆ ನಾಲಿಗೆಯ ಮುಂಭಾಗ ಏರಿ ಗಟ್ಟಿ ಅಂಗುಳದ ಹತ್ತಿರ ಹೋಗುತ್ತದೆ. ‘ಊ’ಗೆ ನಾಲಿಗೆ ಹಿಂದೆ ಸರಿದು, ಅದರ ಹಿಂಭಾಗ ಮೆತ್ತನೆಯ ಅಂಗುಳದ ಕಡೆಗೆ ಏರುತ್ತದೆ. ಅಂದರೆ ಒಂದೊಂದು ಸ್ವರಕ್ಕೂ ನಾವು ಎರಡೆರಡು ಕೆಲಸ ಮಾಡುತ್ತಿದ್ದೇವೆ. ನಾಲಿಗೆ ಮುಂದೆ, ತುಟಿ ಅಗಲ. ನಾಲಿಗೆ ಹಿಂದೆ, ತುಟಿ ದುಂಡು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ ಇವು ಜೊತೆಯಾಗೇ ನಡೆಯುತ್ತವೆ. ಹುಟ್ಟಿದಾಗಿನಿಂದ ಕನ್ನಡ ಮಾತಾಡಿದವರಿಗೆ ಇವು ಎರಡು ಬೇರೆ ಕೆಲಸ ಅಂತ ಹೊಳೆಯುವುದೇ ಇಲ್ಲ.

ನೀವು ಹುಡುಕುತ್ತಿರುವ ಸ್ವರ ಆ ನೊಗ ಬಿಚ್ಚಿದಾಗ ಸಿಗುತ್ತದೆ. ನಾಲಿಗೆ ‘ಉ’ ಇರುವ ಕಡೆಯೇ ಇರುತ್ತದೆ, ತುಟಿ ಮಾತ್ರ ‘ಇ’ಯ ಹಾಗೆ ಅಗಲ. ಅಷ್ಟೇ.

ನಮ್ಮ ಶಾಲೆಯ ವ್ಯಾಕರಣ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಅ ಕಂಠ್ಯ, ಇ ತಾಲವ್ಯ, ಉ ಓಷ್ಠ್ಯ ಎಂದು ಬಾಯಿಪಾಠ ಮಾಡಿದ್ದೇವಲ್ಲ? ಸಂಸ್ಕೃತ ವ್ಯಾಕರಣದಿಂದ ಬಂದ ಆ ಹಂಚಿಕೆಯಲ್ಲಿ ‘ಉ’ ಪ, ಬ, ಮಗಳ ಜೊತೆಗೆ ತುಟಿಯ ಖಾತೆಗೆ ಸೇರಿದೆ. ಹಿಂದೆ ಏರಿ ನಿಂತಿರುವ ನಾಲಿಗೆಯ ಸುದ್ದಿಯೇ ಇಲ್ಲ. ಸಂಸ್ಕೃತಕ್ಕೂ ಕನ್ನಡಕ್ಕೂ ಅಷ್ಟು ಸಾಕಿತ್ತು, ಅದು ತಪ್ಪೇನಲ್ಲ. ಆದರೆ ತುಟಿಯೇ ಅದರ ಜಾಗ ಎಂದಮೇಲೆ, ತುಟಿ ಇಲ್ಲದ ಉಕಾರವನ್ನು ಎಲ್ಲಿ ಕೂರಿಸುವುದು? ಆ ಪಟ್ಟಿ ಇಟ್ಟುಕೊಂಡು ನೋಡಿದರೆ ಈ ಸ್ವರ ಇರುವುದೇ ಸಾಧ್ಯವಿಲ್ಲ.

ಇಂಗ್ಲೆಂಡಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಸ್ವರಗಳನ್ನು ಅಳೆಯಲು ಒಂದು ಮಾನದಂಡ ಮಾಡಿದರು. ಊರಿನ ಗಡಿಕಲ್ಲುಗಳ ಹಾಗೆ ಬಾಯಿಯ ಅಂಚಿನಲ್ಲಿ ಎಂಟು ಮೂಲ ಸ್ವರಗಳನ್ನು ನೆಟ್ಟರು. ಆಮೇಲೆ ಅದೇ ನಾಲಿಗೆಯ ಜಾಗಗಳಲ್ಲಿ ತುಟಿಯ ಆಕಾರ ಮಾತ್ರ ಉಲ್ಟಾ ಮಾಡಿ ಇನ್ನಷ್ಟು ಸೇರಿಸಿದರು. ಆ ಪಟ್ಟಿಯಲ್ಲಿ 8ನೆಯದು ನಮ್ಮ ಊ. ಅದರ ಉಲ್ಟಾ ಜೋಡಿ 16ನೆಯದು. ಅದೇ ನಿಮ್ಮ ಸ್ವರ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಇದಕ್ಕೆ ಇಂಗ್ಲಿಷಿನ ಸಣ್ಣ ಎಂ ಅಕ್ಷರವನ್ನು ತಲೆಕೆಳಗೆ ಮಾಡಿ ಬರೆಯುತ್ತಾರೆ. ನೋಡಲು ಎರಡು ಯು ಅಂಟಿಕೊಂಡ ಹಾಗಿರುತ್ತದೆ.

ನಾಲಿಗೆ ಮತ್ತು ತುಟಿ ಬೇರೆ ಬೇರೆ ಎಂಬುದನ್ನು ಒಂದೇ ಕಡೆ ನೋಡಬೇಕೆಂದರೆ ಟರ್ಕಿಶ್ ಭಾಷೆಗೆ ಹೋಗಬೇಕು. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಆ ಭಾಷೆಯಲ್ಲಿ ನಾಲ್ಕು ಪದಗಳಿವೆ. ನಾಲ್ಕೂ ಕ್‌ನಲ್ಲಿ ಶುರುವಾಗಿ ಲ್‌ನಲ್ಲಿ ಮುಗಿಯುತ್ತವೆ. ‘ಕಿಲ್’ ಅಂದರೆ ಜೇಡಿಮಣ್ಣು: ನಾಲಿಗೆ ಮುಂದೆ, ತುಟಿ ಅಗಲ. ‘ಕುಲ್’ ಅಂದರೆ ದಾಸ: ನಾಲಿಗೆ ಹಿಂದೆ, ತುಟಿ ದುಂಡು. ಇವೆರಡು ನಮಗೆ ಗೊತ್ತಿರುವ ಸ್ವರಗಳೇ. ಮೂರನೆಯದರಲ್ಲಿ ನಾಲಿಗೆ ಮುಂದೆ, ತುಟಿ ದುಂಡು. ಫ್ರೆಂಚ್ ಕಲಿತವರಿಗೆ ಈ ಸ್ವರ ಗೊತ್ತಿರುತ್ತದೆ. ಆ ಪದಕ್ಕೆ ಬೂದಿ ಎಂದರ್ಥ. ನಾಲ್ಕನೆಯದು “ಕ್’ಲ್”. ನಾಲಿಗೆ ಹಿಂದೆ, ತುಟಿ ಅಗಲ. ಅರ್ಥ ರೋಮ, ಕೂದಲೆಳೆ. ನಾಲ್ಕು ಪದ, ನಾಲ್ಕು ಅರ್ಥ, ಎಲ್ಲ ಸೇರಿ ಪೂರ್ತಿ ಒಂದು ಚೌಕ. ಕನ್ನಡದಲ್ಲಿ ಆ ಚೌಕದ ಎರಡು ಮೂಲೆ ಖಾಲಿ ಬಿದ್ದಿವೆ.

ಈ ಕ್’ಲ್ ಪದದಲ್ಲಿ ಸ್ವರ ಕೊನೆಯಲ್ಲಿ ಅಂಟಿಕೊಂಡು ಬಂದಿಲ್ಲ ನೋಡಿ. ಪದದ ನಟ್ಟನಡುವೆ, ಪದದ ಒಂದೇ ಸ್ವರವಾಗಿ ಕೂತಿದೆ. ಅದನ್ನು ತೆಗೆದರೆ ಪದವೇ ಇಲ್ಲ. ‘ಅರ್ಧ ನುಂಗಿದ ಉ’ ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಟರ್ಕಿಯಲ್ಲಿ 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿ ತಂದರು. ಆಗ ಈ ಸ್ವರಕ್ಕೊಂದು ಅಕ್ಷರ ಬೇಕಾಯಿತು. ಐ ಅಕ್ಷರದ ಮೇಲಿನ ಚುಕ್ಕಿ ತೆಗೆದರು. ಚುಕ್ಕಿ ಇದ್ದರೆ ಇ, ಇಲ್ಲದಿದ್ದರೆ ನಮ್ಮ ಈ ಸ್ವರ. ದೊಡ್ಡಕ್ಷರದಲ್ಲೂ ಹಾಗೇ, ಇಸ್ತಾಂಬುಲ್ ಬರೆಯುವಾಗ ದೊಡ್ಡ ಐ ಮೇಲೂ ಚುಕ್ಕಿ ಇಡುತ್ತಾರೆ. ಅಚ್ಚುಕಟ್ಟಾದ ಏರ್ಪಾಡು. ಆದರೆ ಮುಂದೆ ಕಂಪ್ಯೂಟರ್ ಬಂತು. ಇಂಗ್ಲಿಷಿನ ಲೆಕ್ಕದಲ್ಲಿ ಚುಕ್ಕಿಯ ಸಣ್ಣ ಐಗೆ ದೊಡ್ಡಕ್ಷರ ಚುಕ್ಕಿಯಿಲ್ಲದ್ದು, ಟರ್ಕಿಶ್ ಲೆಕ್ಕದಲ್ಲಿ ಚುಕ್ಕಿ ಇರುವುದು. ಇದನ್ನು ಮರೆತು ಬರೆದ ಪ್ರೋಗ್ರಾಂಗಳು ಟರ್ಕಿಶ್ ಸೆಟ್ಟಿಂಗಿನಲ್ಲಿ ತಲೆಕೆಟ್ಟ ಹಾಗೆ ಆಡುತ್ತವೆ. ಸಾಫ್ಟ್‌ವೇರ್‌ನವರನ್ನು ಕೇಳಿ ನೋಡಿ, ‘ಟರ್ಕಿಶ್ ಐ’ ಅಂದರೆ ನಿಟ್ಟುಸಿರು ಬಿಡುತ್ತಾರೆ. ಒಂದು ಸ್ವರಕ್ಕೆ ಇಷ್ಟು ಜನರ ನಿದ್ದೆ ಕೆಡಿಸುವ ತಾಕತ್ತು ಇದೆ ಅಂದರೆ ನೋಡಿ.

ಇನ್ನು ಕೊರಿಯನ್. ನಿಮ್ಮ ಮಗಳ ಪಾಠದಲ್ಲಿ ಒಂದು ಅಡ್ಡಗೆರೆಯ ಅಕ್ಷರ ಇದೆ. ಬರೀ ಒಂದು ಗೆರೆ, ಮೇಲೆ ಕೆಳಗೆ ಏನಿಲ್ಲ. ಅದೇ ಈ ಸ್ವರ. ಅವಳಿಗೆ ಈ ಮೂರು ಪದ ಹೇಳಲು ಹೇಳಿ: ‘ಗಿಲ್’ ಅಂದರೆ ದಾರಿ, ‘ಗುಲ್’ ಅಂದರೆ ಸಿಂಪಿ, “ಗ್’ಲ್” ಅಂದರೆ ಬರಹ. ಕೊರಿಯನ್ ಲಿಪಿಯ ಹೆಸರಲ್ಲೇ ಈ ಗ್’ಲ್ ಇದೆ. ನಾವು ‘ಹಂಗುಲ್’ ಎಂದು ಬರೆದು ದುಂಡು ತುಟಿಯಲ್ಲಿ ಓದುತ್ತೇವೆ. ಕೊರಿಯನ್ನರ ಕಿವಿಗೆ ಅದು ಬರಹ ಹೋಗಿ ಸಿಂಪಿ ಬಂದ ಹಾಗೆ.

ಆ ಲಿಪಿಯನ್ನು ರಾಜ ಸೆಜೊಂಗ್ 1446ರಲ್ಲಿ ಜನರಿಗೆ ಕೊಟ್ಟ. ಜೊತೆಗೆ ಒಂದು ವಿವರಣೆಯ ಗ್ರಂಥವೂ ಬಂತು. ಅದರಲ್ಲಿ ಮೂರು ಮೂಲ ಸ್ವರಗಳ ಮಾತಿದೆ. ದುಂಡು ಚುಕ್ಕಿ ಆಕಾಶ, ಅಡ್ಡಗೆರೆ ಭೂಮಿ, ನೆಟ್ಟಗೆರೆ ನಿಂತ ಮನುಷ್ಯ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಡುವುದು ಅದರ ಪಕ್ಕದ ಸಾಲು. ಆಕಾಶದ ಸ್ವರಕ್ಕೆ ನಾಲಿಗೆ ಹಿಂದೆ ಸೆಳೆದುಕೊಳ್ಳುತ್ತದೆ, ದನಿ ಆಳ. ಭೂಮಿಯ ಸ್ವರಕ್ಕೆ ನಾಲಿಗೆ ಸ್ವಲ್ಪವೇ ಸೆಳೆದುಕೊಳ್ಳುತ್ತದೆ, ದನಿ ಆಳವೂ ಅಲ್ಲ, ತೆಳುವೂ ಅಲ್ಲ. ಮನುಷ್ಯನ ಸ್ವರಕ್ಕೆ ನಾಲಿಗೆ ಸೆಳೆದುಕೊಳ್ಳುವುದಿಲ್ಲ, ದನಿ ತೆಳು. ಐದೂಮುಕ್ಕಾಲು ಶತಮಾನದ ಹಿಂದೆ, ಯಾವ ಯಂತ್ರವೂ ಇಲ್ಲದೆ, ಬರೀ ನಾಲಿಗೆ ಮತ್ತು ಕಿವಿ ನಂಬಿ ಬರೆದದ್ದು. ‘ಆಳವೂ ಅಲ್ಲ, ತೆಳುವೂ ಅಲ್ಲ’ ಎಂಬುದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ವಿಯೆಟ್ನಾಮಿನಲ್ಲಿ ಯು ಅಕ್ಷರಕ್ಕೆ ಒಂದು ಪುಟ್ಟ ಕೋಡು ಮೂಡಿಸಿ ಈ ಸ್ವರ ಬರೆಯುತ್ತಾರೆ. ಅಲ್ಲಿ ‘ಥು’ ಅಂದರೆ ಶರತ್ಕಾಲ, ‘ಥ್’’ ಅಂದರೆ ಪತ್ರ. ನಡುವೆ ಇರುವುದು ತುಟಿಯ ವ್ಯತ್ಯಾಸ ಮಾತ್ರ. ಥಾಯ್ ಭಾಷೆಯಲ್ಲಿ ಇದಕ್ಕೆ ಹ್ರಸ್ವ ದೀರ್ಘ ಎರಡೂ ಇವೆ. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲೂ ಇದರ ದೀರ್ಘ ರೂಪ ಇದೆ, ಪ್ರೀತಿ ಎಂಬ ಪದದಲ್ಲೇ ಸಿಗುತ್ತದೆ. ಜಪಾನಿನ ‘ಉ’ ಬಗ್ಗೆ ಮಾತ್ರ ಜಗಳ ಇದೆ. ಅಲ್ಲಿ ತುಟಿ ಮುಂದೆ ಚಾಚುವುದಿಲ್ಲ ನಿಜ, ಆದರೆ ಪೂರ್ತಿ ಹರಡುವುದೂ ಇಲ್ಲ. ಎರಡು ಬದಿಯಿಂದ ಸ್ವಲ್ಪ ಒತ್ತಿ ಹಿಡಿದ ಹಾಗಿರುತ್ತದೆ. ಪುಸ್ತಕಗಳಲ್ಲಿ ತಲೆಕೆಳಗಾದ ಎಂ ಹಾಕಿ ಮುಗಿಸುತ್ತಾರೆ. ನನ್ನ ಪ್ರಕಾರ ಅದು ಸುಮ್ನೆ ಅನುಕೂಲಕ್ಕೆ ಮಾಡಿದ್ದು.

ಇದಕ್ಕೊಬ್ಬ ಅಣ್ಣನೂ ಇದ್ದಾನೆ. ನಾಲಿಗೆ ಹಿಂದೆ ಅಲ್ಲ, ಮುಂದೆಯೂ ಅಲ್ಲ, ನಡುವೆ ಏರಿದಾಗ ಬರುವ ಸ್ವರ. ತುಟಿ ಆಗಲೂ ಅಗಲ. ರಷ್ಯನ್ನಿನಲ್ಲಿ ಇದು ಪ್ರಸಿದ್ಧ. ‘ಬಿತ್’ ಅಂದರೆ ಹೊಡೆಯುವುದು, ಆ ನಡುಸ್ವರ ಹಾಕಿ “ಬ್’ತ್” ಅಂದರೆ ಇರುವುದು. ಇರುವುದಕ್ಕೂ ಹೊಡೆಯುವುದಕ್ಕೂ ಇಷ್ಟೇ ಅಂತರ! ಧ್ವನಿಲಿಪಿಯಲ್ಲಿ ಹಿಂಭಾಗದ್ದು ಒಂದು ಗುರುತು, ನಡುವಿನದು ಇನ್ನೊಂದು. ಕಾಗದದ ಮೇಲೆ ಎರಡೂ ಬೇರೆ ಮನೆ. ಬಾಯಲ್ಲಿ ಗೋಡೆ ಅಷ್ಟು ಗಟ್ಟಿ ಇಲ್ಲ. ಟರ್ಕಿಶ್, ಕೊರಿಯನ್ನರ ಸ್ವರ ಎಷ್ಟೋ ಸಲ ನಡುವಿನ ಕಡೆ ಜಾರಿರುತ್ತದೆ. ತುಳುವಿನದನ್ನೂ ಕೆಲವರು ಹಿಂಭಾಗದ ಗುರುತಿನಲ್ಲಿ, ಕೆಲವರು ನಡುವಿನ ಗುರುತಿನಲ್ಲಿ ಬರೆಯುತ್ತಾರೆ. ನೀವು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಭಾಷೆಯೊಳಗೆ ಎರಡನ್ನೂ ಎದುರುಬದುರು ನಿಲ್ಲಿಸಿ ಅರ್ಥ ಬೇರೆ ಮಾಡುವುದು ತೀರಾ ಅಪರೂಪ. ನಿಮ್ಮ ನಾಲಿಗೆ ಒಂದಿಷ್ಟು ಮುಂದೆ ಬಂದರೆ ಯಾರೂ ನಗುವುದಿಲ್ಲ. ತುಟಿ ದುಂಡಾದರೆ ನಗುತ್ತಾರೆ.

ಇಷ್ಟು ಭಾಷೆಗಳಲ್ಲಿ ಇದ್ದರೂ ಇದು ಇ, ಉಗಳಷ್ಟು ಸಾಮಾನ್ಯ ಅಲ್ಲ. ಯಾಕೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು.

ಗಂಟಲಿನಿಂದ ತುಟಿವರೆಗಿನ ಜಾಗ ಒಂದು ಕೊಳವೆ. ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ. ಬಾಟಲಿಯ ಬಾಯಿಗೆ ಊದಿದರೆ ಅದು ತನ್ನದೇ ಸ್ಥಾಯಿಯಲ್ಲಿ ಹಾಡುತ್ತದಲ್ಲ, ಹಾಗೆ ಈ ಕೊಳವೆಗೂ ತನ್ನದೇ ಅನುರಣನೆಗಳಿವೆ. ನಾಲಿಗೆ ಎತ್ತಿದಾಗ, ತುಟಿ ಮುಚ್ಚಿದಾಗ ಅವು ಮೇಲೆ ಕೆಳಗೆ ಆಗುತ್ತವೆ. ನಮ್ಮ ಕಿವಿ ಸ್ವರ ಗುರುತಿಸುವುದು ಮುಖ್ಯವಾಗಿ ಮೊದಲ ಎರಡು ಅನುರಣನೆಗಳಿಂದ. ಈ, ಊ ಮತ್ತು ನಮ್ಮ ಸ್ವರ, ಮೂರರಲ್ಲೂ ಮೊದಲನೆಯದು ಹೆಚ್ಚುಕಮ್ಮಿ ಒಂದೇ, 300 ಹರ್ಟ್ಸ್ ಸುತ್ತಮುತ್ತ. ಎರಡನೆಯದರಲ್ಲಿ ಆಟ ಇದೆ. ಗಂಡಸಿನ ದನಿಯಲ್ಲಿ ‘ಈ’ಗೆ ಅದು ಸುಮಾರು 2,300 ಹರ್ಟ್ಸ್. ‘ಊ’ಗೆ 800 ಹರ್ಟ್ಸ್ ಆಸುಪಾಸು. ನಾಲಿಗೆ ಹಿಂದೆ ಹೋದದ್ದರಿಂದ ಒಂದಿಷ್ಟು ಇಳಿಯಿತು. ತುಟಿ ದುಂಡಾಗಿ ಕೊಳವೆಯ ಬಾಯಿ ಕಿರಿದಾಗಿ, ಉದ್ದವೂ ಜಾಸ್ತಿಯಾದದ್ದರಿಂದ ಇನ್ನಷ್ಟು ಇಳಿಯಿತು. ಈಗ ತುಟಿ ಬಿಚ್ಚಿದರೆ? ಎರಡನೆಯ ಇಳಿಕೆ ಇಲ್ಲ. ಹಾಗಾಗಿ ನಮ್ಮ ಸ್ವರ 1,300, 1,400 ಹರ್ಟ್ಸ್ ಹತ್ತಿರ ನಿಲ್ಲುತ್ತದೆ. ಆಳವೂ ಅಲ್ಲ, ತೆಳುವೂ ಅಲ್ಲ. ಸೆಜೊಂಗನ ಪಂಡಿತರು ಕಿವಿಯಲ್ಲೇ ಅಳೆದಿದ್ದು ಇದನ್ನೇ.

ಇದನ್ನು ನೀವೂ ಯಂತ್ರ ಇಲ್ಲದೆ ಕೇಳಬಹುದು. ಪಿಸುಮಾತಿನಲ್ಲಿ ‘ಈ’ ಅನ್ನಿ, ‘ಊ’ ಅನ್ನಿ. ಗಂಟಲಿನ ಸ್ಥಾಯಿ ಇಲ್ಲದಿದ್ದರೂ ಈ ಮೇಲೆ, ಊ ಕೆಳಗೆ ಕೇಳುತ್ತದೆ. ಅದು ಆ ಎರಡನೆಯ ಅನುರಣನೆ. ಈ ಸ್ವರ ಪಿಸುಗುಟ್ಟಿದರೆ ಎರಡರ ನಡುವಿನ ಮೆಟ್ಟಿಲಿನಲ್ಲಿ ಕೂರಬೇಕು.

ಈಗ ಭಾಷೆಗಳ ಲೆಕ್ಕಾಚಾರ ನೋಡಿ. ಕೇಳುವವರಿಗೆ ಗೊಂದಲ ಆಗಬಾರದು ಎಂದರೆ ಸ್ವರಗಳು ಒಂದಕ್ಕೊಂದು ದೂರ ಇರಬೇಕು. ಸ್ವೀಡನ್ನಿನ ಧ್ವನಿವಿಜ್ಞಾನಿಗಳಾದ ಲಿಲ್ಯೆನ್‌ಕ್ರಾಂಟ್ಸ್ ಮತ್ತು ಲಿಂಡ್‌ಬ್ಲಮ್ 1972ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಸ್ವರಗಳನ್ನು ಆದಷ್ಟು ದೂರ ಹರಡಿ ಎಂದರೆ ಇ, ಅ, ಉಗಳು ತಾವಾಗಿ ಮೂಲೆ ಹಿಡಿಯುತ್ತವೆ. ಹಿಂದೆ ಹೋದ ನಾಲಿಗೆಗೆ ದುಂಡು ತುಟಿ ಸೇರಿಸಿದರೆ ‘ಇ’ಯಿಂದ ಅತಿ ದೂರ ಹೋಗಬಹುದು. ಆ ನೊಗ ಸುಮ್ಮನೆ ಬಂದದ್ದಲ್ಲ, ಅದರಿಂದ ಲಾಭ ಇದೆ. ಬಿಚ್ಚಿದರೆ ಸ್ವರ ನಡುವೆ ಬಂದು, ಇತ್ತ ಇ, ಅತ್ತ ಉ ಎರಡಕ್ಕೂ ಹತ್ತಿರವಾಗುತ್ತದೆ. ಉಲ್ಟಾ ಮಾಡಿದರೂ, ಅಂದರೆ ನಾಲಿಗೆ ಮುಂದೆ ಇಟ್ಟು ತುಟಿ ದುಂಡು ಮಾಡಿದರೂ, ಇದೇ ಕಥೆ. ಭಾಷಾವಿಜ್ಞಾನಿ ಇಯನ್ ಮ್ಯಾಡಿಸನ್ ಅವರು 562 ಭಾಷೆಗಳನ್ನು ನೋಡಿದಾಗ ಹಾಗೆ ಮುಂದೆ ದುಂಡಾಗುವ ಸ್ವರಗಳು 37ರಲ್ಲಿ ಮಾತ್ರ ಸಿಕ್ಕವು.

ಈಗ ನಿಮ್ಮ ಪತ್ತ್’ಗೆ ಬರೋಣ.

ಕನ್ನಡದಲ್ಲಿ ಹತ್ತು, ತಮಿಳಿನಲ್ಲಿ, ಮಲಯಾಳದಲ್ಲಿ, ತುಳುವಿನಲ್ಲಿ ಪತ್ತ್’. ಹಳಗನ್ನಡದಲ್ಲಿ ಕಲ್, ಕಣ್ ಎಂದು ವ್ಯಂಜನದಲ್ಲೇ ಪದ ಮುಗಿಯುತ್ತಿತ್ತು. ಆಮೇಲೆ ನಾವು ಬಾಯಿಗೆ ಆಸರೆಯಾಗಿ ಒಂದು ಉಕಾರ ಸೇರಿಸಿ ಕಲ್ಲು, ಕಣ್ಣು ಮಾಡಿಕೊಂಡೆವು. ತುಳುವರೂ ಸೇರಿಸಿದರು, ಆದರೆ ತುಟಿ ಚಾಚುವ ಗೋಜಿಗೆ ಹೋಗಲಿಲ್ಲ: ಕಲ್ಲ್’, ಕಣ್ಣ್’. ಇದು ಎಲ್ಲ ಕಡೆಯೂ ಅಲ್ಲ. ಹಿಂದಿನ ಸ್ವರ ದುಂಡಾಗಿದ್ದರೆ ಸಾಮಾನ್ಯವಾಗಿ ಕೊನೆಯದೂ ದುಂಡಾಗೇ ಉಳಿಯುತ್ತದೆ. ‘ತುಳು’ ಎಂಬ ಹೆಸರನ್ನೇ ಹೇಳಿ ನೋಡಿ, ಕೊನೆಗೆ ಪೂರಾ ಉ. ಮೊದಲ ತುಕಾರಕ್ಕೆ ಚಾಚಿದ ತುಟಿ ಹಾಗೇ ಮುಂದುವರಿದಿದೆ.

ತಮಿಳರು ಇದನ್ನು ತುಂಬ ಹಿಂದೆಯೇ ಗಮನಿಸಿದ್ದರು. ತಮಿಳಿನ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ಇದನ್ನು ಕುಟ್ರಿಯಲುಕರಂ, ಅಂದರೆ ಕುಗ್ಗಿದ ಉಕಾರ ಎಂದು ಕರೆದು ಅರ್ಧ ಮಾತ್ರೆ ಕೊಡುತ್ತದೆ. ಗಮನಿಸಿ, ಅವರು ಅಳೆದದ್ದು ಕಾಲವನ್ನು, ತುಟಿಯನ್ನಲ್ಲ. ‘ಅರ್ಧ ನುಂಗಿದ ಉ’ ಎಂದು ನಿಮಗೆ ಅನಿಸಿದ್ದು ಹೊಸತೇನಲ್ಲ, ಅದಕ್ಕೆ ಬಹಳ ಹಳೆಯ ಜೊತೆಗಾರರಿದ್ದಾರೆ! ಕೊನೆಯಲ್ಲಿ ಬಂದಾಗ ಇದು ಗಿಡ್ಡವಾಗಿರುತ್ತದೆ, ಅದು ನಿಜ. ಆದರೆ ಗಿಡ್ಡ ಆಗಿರುವುದು ಬೇರೆ, ಸ್ವರ ಅಲ್ಲದಿರುವುದು ಬೇರೆ. ಮಲಯಾಳದಲ್ಲಿ ‘ವನ್ನು’ ಅಂದರೆ ಬಂದನು, ‘ವನ್ನ್’’ ಅಂದರೆ ಬಂದು. ಮಾತು ಮುಗಿಯಿತೋ ಇನ್ನೂ ಇದೆಯೋ ಎಂಬುದು ಅಷ್ಟು ಗಿಡ್ಡ ಸ್ವರದಲ್ಲಿ ತೀರ್ಮಾನ ಆಗುತ್ತದೆ. ಮಲಯಾಳದ್ದು ಇನ್ನೂ ಸ್ವಲ್ಪ ಕೆಳಗಿಳಿದು ಅಕಾರದ ಕಡೆ ವಾಲಿರುತ್ತದೆ.

ಕೊಡವರದು ಬೇರೆಯೇ ದಾರಿ. ಅವರ ಭಾಷೆಯ ಹೆಸರೇ ‘ತಕ್ಕ್’’ ಎಂದು ಈ ಬಗೆಯ ಸ್ವರದಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ಇದು ಕೊನೆಗೆ ಮಾತ್ರ ಅಲ್ಲ, ಪದದ ಮೊದಲ ಅಕ್ಷರದಲ್ಲೂ ಬರುತ್ತದೆ, ದೀರ್ಘವಾಗಿಯೂ ಬರುತ್ತದೆ. ದ್ರಾವಿಡ ಭಾಷೆಗಳ ವಿದ್ವಾಂಸ ಮರ್ರೆ ಎಮೆನೋ 1970ರಲ್ಲಿ ಕೊಡವ ಸ್ವರಗಳ ಬಗ್ಗೆಯೇ ಒಂದು ಲೇಖನ ಬರೆದರು. ಅಲ್ಲಿ ಟ, ಡ, ಣ, ಳಗಳಂಥ ಮೂರ್ಧನ್ಯಗಳಿಗೆ ಮೊದಲು ಬಂದ ಹಳೆಯ ಇ, ಎಗಳು ಹಿಂದಕ್ಕೆ ಸರಿದವು. ನಾಲಿಗೆಯ ತುದಿ ಹಿಂದೆ ಮಡಚಿಕೊಳ್ಳಬೇಕಾದಾಗ ಅದರ ಮೈಯೂ ಹಿಂದೆ ಸರಿಯುವುದು ಸಹಜ ಅಲ್ವಾ? ಅಂದರೆ ತುಳುವರು ಉಕಾರದ ಮನೆಯಿಂದ ಹೊರಟು ಇಲ್ಲಿಗೆ ಬಂದರು, ಕೊಡವರು ಇಕಾರದ ಮನೆಯಿಂದಲೂ ಬಂದರು.

ಭಾಷೆಗಳು ಈ ಸ್ವರವನ್ನು ಆಸರೆಯಾಗಿ ಬಳಸುವುದನ್ನು ಹತ್ತಿರದಿಂದ ನೋಡಬೇಕೆಂದರೆ ಇಂಗ್ಲಿಷಿನ ಬಸ್ ಎಂಬ ಪದವನ್ನು ಹಿಂಬಾಲಿಸಿ. ಪದದ ಕೊನೆಗೆ ಸ್ ಹಾಗೇ ನಿಲ್ಲುವುದು ಎಷ್ಟೋ ಬಾಯಿಗೆ ಕಷ್ಟ. ಕನ್ನಡಿಗರು ಉ ಸೇರಿಸಿ ಬಸ್ಸು ಮಾಡಿದೆವು. ತುಳುವರು, ತಮಿಳರು, ಮಲಯಾಳಿಗಳು ಬಸ್ಸ್’ ಮಾಡಿಕೊಂಡರು. ಜಪಾನೀಯರು ತಮ್ಮ ತುಟಿ ಚಾಚದ ಉ ಹಾಕಿ ‘ಬಸು’ ಎಂದರು. ಕೊರಿಯನ್ನರು ಅಡ್ಡಗೆರೆ ಎಳೆದು ‘ಬಸ್’’ ಎಂದರು. ತುಳುವಿನ ಬಸ್ಸೂ ಕೊರಿಯಾದ ಬಸ್ಸೂ ಹೆಚ್ಚುಕಮ್ಮಿ ಒಂದೇ ಸ್ವರದಲ್ಲಿ ಬಂದು ನಿಲ್ಲುತ್ತವೆ. ನಿಮ್ಮ ಮಗಳಿಗೆ ಕೇಳಿಸಿದ್ದು ಇದೇ ಇರಬೇಕು. ನಂಟಸ್ತಿಕೆ, ಕೊಡುಕೊಳ್ಳುವಿಕೆ ಯಾವುದೂ ಇದಕ್ಕೆ ಬೇಕಿಲ್ಲ. ಒಂದು ಸ್ವರ ಹಾಕಲೇಬೇಕು, ಆದರೆ ಆದಷ್ಟು ಕಡಿಮೆ ಗದ್ದಲದ್ದು ಇರಲಿ ಎಂದಾಗ ಕೈಗೆ ಸಿಗುವುದು ಇಂಥದ್ದೇ. ಬಾಯಿ ಹೆಚ್ಚು ತೆರೆಯಬೇಕಿಲ್ಲ, ತುಟಿ ಅಲುಗಬೇಕಿಲ್ಲ.

ನಿಮ್ಮ ಬಾಯಲ್ಲಿ ಯಾಕೆ ಬರುತ್ತಿಲ್ಲ? ಎರಡು ಕಾರಣ. ಒಂದು, ಬರವಣಿಗೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಈ ಸ್ವರಕ್ಕೆ ಬೇರೆ ದಾರಿ ಇಲ್ಲದೆ ಅರ್ಧಾಕ್ಷರದ ಗುರುತು ಹಾಕುತ್ತಾರೆ. ಮಲಯಾಳದಲ್ಲಿ ಚಂದ್ರಕ್ಕಲ ಎನ್ನುವ ಅರ್ಧಾಕ್ಷರದ ಗುರುತಿನದ್ದೂ ಇದೇ ಹಾಡು. ಒಂದೇ ಗುರುತು ‘ಇಲ್ಲಿ ಸ್ವರ ಇಲ್ಲ’ ಎಂದೂ ಹೇಳುತ್ತದೆ, ‘ಇಲ್ಲಿ ಈ ಸ್ವರ ಇದೆ’ ಎಂದೂ ಹೇಳುತ್ತದೆ. ಮನೆಮಾತಿನವರಿಗೆ ಯಾವುದು ಯಾವಾಗ ಎಂದು ಗೊತ್ತು. ನೀವು ಕನ್ನಡದ ಕಣ್ಣಲ್ಲಿ ಓದಿ, ಕೊನೆಯ ಸ್ವರ ಬಿಟ್ಟು “ಪತ್ತ್” ಎಂದು ಕತ್ತರಿಸುತ್ತೀರಿ. ಪುಸ್ತಕ ಮುಚ್ಚಿಡಿ, ಕಿವಿಯಿಂದ ಕಲಿಯಿರಿ.

ಎರಡನೆಯದು ಅದೇ ನೊಗ. ನಾನು ಪಾಠ ಶುರು ಮಾಡಿದ ಹೊಸತರಲ್ಲಿ ವಿದ್ಯಾರ್ಥಿಗಳಿಗೆ ‘ಊ ಅನ್ನುತ್ತಾ ನಗಿ’ ಎಂದಿದ್ದೆ. ಇಡೀ ತರಗತಿ ಒಂದೇ ಸಲ ‘ಊ... ಈ’ ಎಂದಿತು. ತುಟಿ ಹರಡುತ್ತಿದ್ದ ಹಾಗೆ ನಾಲಿಗೆ ಅದರ ಹಿಂದೆಯೇ ಮುಂದೆ ಓಡಿಬಂದಿತ್ತು. ಅಂದಿನಿಂದ ನಾನು ತುಟಿಯಿಂದ ಶುರು ಮಾಡುವುದು ಬಿಟ್ಟೆ, ನಾಲಿಗೆಯಿಂದ ಶುರು ಮಾಡುತ್ತೇನೆ.

ಹೀಗೆ ಮಾಡಿ. ‘ಅಙ್’ ಎಂದು ಹೇಳಿ ಆ ಙಕಾರದಲ್ಲೇ ನಿಲ್ಲಿ, ಮೂಗಿನಲ್ಲಿ ಗುಂಯ್‌ಗುಡುತ್ತಾ ಇರಿ. ನಾಲಿಗೆಯ ಹಿಂಭಾಗ ಮೆತ್ತನೆಯ ಅಂಗುಳಕ್ಕೆ ಅಂಟಿರುವುದು ಗೊತ್ತಾಗುತ್ತದೆ. ತುಟಿ ಸಡಿಲವಾಗಿರಲಿ, ಹಲ್ಲು ಸ್ವಲ್ಪ ಕಾಣಲಿ. ಈಗ ದನಿ ನಿಲ್ಲಿಸದೆ ನಾಲಿಗೆಯನ್ನು ಕೂದಲೆಳೆಯಷ್ಟು ಮಾತ್ರ ಕೆಳಗಿಳಿಸಿ, ಗಾಳಿ ಬಾಯಿಂದ ಹೊರಡುವಷ್ಟು. ಜಾಸ್ತಿ ಇಳಿಸಿದರೆ ಅಕಾರ ಆಗುತ್ತದೆ. ಸರಿಯಾಗಿ ಇಳಿದರೆ ಏನೋ ಒಂದು ಮಂಕಾದ, ಚಪ್ಪಟೆ ಸದ್ದು ಬರುತ್ತದೆ. ‘ಇದೆಂಥ ಸದ್ದಪ್ಪಾ’ ಅನಿಸಿದರೆ ಅದೇ ಸರಿಯಾದದ್ದು.

ನಾಲಿಗೆ ಕದ್ದು ಮುಂದೆ ಬಂದಿದೆಯೋ ಎಂದು ನೋಡಲು, ಆ ಸ್ವರ ಎಳೆಯುತ್ತಿರುವಾಗಲೇ ತುಟಿಯನ್ನು ಮಾತ್ರ ದುಂಡು ಮಾಡಿ. ಶುದ್ಧ ‘ಊ’ ಕೇಳಿದರೆ ನಾಲಿಗೆ ಸರಿಯಾದ ಜಾಗದಲ್ಲೇ ಇತ್ತು. ಫ್ರೆಂಚಿನವರ ಹಾಗೆ ಈ-ಊ ಬೆರೆತ ಸದ್ದು ಕೇಳಿದರೆ ನಾಲಿಗೆ ಮುಂದೆ ಬಂದುಬಿಟ್ಟಿದೆ, ಮತ್ತೆ ಙಯಿಂದ ಶುರು ಮಾಡಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದು ಮೋಸ ಮಾಡದ್ದು.

ದೀರ್ಘವಾಗಿ ಬರತೊಡಗಿದ ಮೇಲೆ ಗಿಡ್ಡ ಮಾಡಿ, ಪದದ ಕೊನೆಗೆ ಸೇರಿಸಿ. ಮೊದಲು ಕಕಾರದ ಪದ ಹಿಡಿಯಿರಿ. ಕಗೆ ನಾಲಿಗೆ ಹೇಗೂ ಹಿಂದೆ ಇರುತ್ತದೆ, ಹಾಗಾಗಿ ಕೊಡವರ ತಕ್ಕ್’ ಸುಲಭ. ಪತ್ತ್’ ಸ್ವಲ್ಪ ಕಷ್ಟ, ಯಾಕೆಂದರೆ ತಕಾರಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗಿರುತ್ತದೆ, ಅಲ್ಲಿಂದ ಹಿಂಭಾಗ ಏಳಬೇಕು. ಕಣ್ಣ್’, ಕಲ್ಲ್’ ಆಮೇಲೆ.

ಇಷ್ಟಾದ ಮೇಲೆ ಫೋನಿನಲ್ಲಿ ‘ಹತ್ತು, ಪತ್ತ್’, ಹತ್ತು, ಪತ್ತ್’’ ಎಂದು ವಿಡಿಯೊ ಮಾಡಿ, ಸದ್ದು ಆಫ್ ಮಾಡಿ ಹೆಂಡತಿಗೆ ತೋರಿಸಿ. ಯಾವುದು ಕನ್ನಡ, ಯಾವುದು ತುಳು ಎಂದು ನಿಮ್ಮ ತುಟಿ ನೋಡಿಯೇ ಅವರು ಹೇಳಬೇಕು.